ಅಮೆರಿಕದ ಚರಿತ್ರೆಯಲ್ಲಿ ಜನವರಿಗೆ ಯಾಕಷ್ಟು ಮಹತ್ವ?

ನನ್ನನ್ನು ಕೇಳಿದರೆ, ಮೊದಲು ನೆನೆಯಬೇಕಾದ್ದು 1863ರ ಜನವರಿ 1. ಅಂತರ್ಯುದ್ಧದ ಕಾಲ. ಹೊಸ ವರ್ಷದ ದಿನ ಶ್ವೇತಭವನಕ್ಕೆ ಬಂದವರ ಕೈ ಕುಲುಕಿ ಕುಲುಕಿ ಅಬ್ರಹಾಂ ಲಿಂಕನ್ ಅವರ ಬಲಗೈ ಮರಗಟ್ಟಿತ್ತು. ಮಧ್ಯಾಹ್ನ, ಗುಲಾಮರನ್ನು ಬಿಡುಗಡೆ ಮಾಡುವ ವಿಮೋಚನಾ ಘೋಷಣೆಗೆ ಸಹಿ ಹಾಕಲು ಲೇಖನಿ ಹಿಡಿದರೆ ಕೈ ನಡುಕ. ಸಹಿ ಅಲುಗಾಡಿದ್ದು ಕಂಡರೆ ಮುಂದೆ ಜನ ‘ಮನಸ್ಸು ಅಳುಕಿತ್ತು’ ಎಂದಾರು ಅಂತ ತುಸು ತಡೆದು, ನಿಧಾನವಾಗಿ ಪೂರ್ತಿ ಹೆಸರು ಬರೆದರು.

ಅಂದೇ ಎಲ್ಲ ಗುಲಾಮರಿಗೂ ಬಿಡುಗಡೆ ಸಿಕ್ಕಿತು ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಘೋಷಣೆ ಅನ್ವಯಿಸಿದ್ದು ಬಂಡೆದ್ದ ದಕ್ಷಿಣದ ಪ್ರದೇಶಗಳಿಗೆ ಮಾತ್ರ. ಒಕ್ಕೂಟದಲ್ಲೇ ಉಳಿದ ಕೆಂಟಕಿ, ಮೇರಿಲ್ಯಾಂಡ್‌ಗಳಿಗಲ್ಲ. ಆದರೆ ಕಪ್ಪು ಜನ ಸೈನ್ಯ ಸೇರುವ ದಾರಿಯನ್ನು ಅದು ತೆರೆಯಿತು, ಇದು ಸಣ್ಣ ಮಾತಲ್ಲ. ಇಡೀ ದೇಶದಿಂದ ಗುಲಾಮಗಿರಿ ತೊಲಗಿಸುವ 13ನೇ ತಿದ್ದುಪಡಿಗೆ ಕೆಳಮನೆ ಒಪ್ಪಿದ್ದು 1865ರ ಜನವರಿ 31ರಂದು. ಅದೂ ಜನವರಿಯೇ! ಆ ವರ್ಷದ ಡಿಸೆಂಬರ್‌ನಲ್ಲಿ ಅದು ಸಂವಿಧಾನದ ಭಾಗವಾಯಿತು.

ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದು 1929ರ ಜನವರಿ 15, ಅಟ್ಲಾಂಟಾದಲ್ಲಿ. ಅವರ ನೆನಪಿನ ರಾಷ್ಟ್ರೀಯ ರಜೆ 1986ರಿಂದ ಜನವರಿಯ ಮೂರನೇ ಸೋಮವಾರ ಬರುತ್ತದೆ. 50 ರಾಜ್ಯಗಳೂ ಅದನ್ನು ಆಚರಿಸುವಷ್ಟರಲ್ಲಿ 2000ನೇ ಇಸವಿ ಬಂದಿತ್ತು. ಅಷ್ಟು ತಡವಾದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಇನ್ನು ಅಧ್ಯಕ್ಷರ ಪ್ರಮಾಣವಚನ: ಹಿಂದೆ ಮಾರ್ಚ್ 4ಕ್ಕೆ ನಡೆಯುತ್ತಿತ್ತು, 1937ರಿಂದ ಜನವರಿ 20ಕ್ಕೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡುಗಳಲ್ಲೇ ಸಿಡಿದು, ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಸೇರಿ ಏಳು ಮಂದಿ ತೀರಿಕೊಂಡರು.