ಆ್ಯಪ್ ತೋರಿಸುವ ಏರು, ಕಾಲಿಗೆ ಗೊತ್ತಾಗುವ ಏರು: ಗ್ರಾವೆಲ್ ಸೈಕ್ಲಿಂಗ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಡಾಂಬರು ರಸ್ತೆಯಲ್ಲಿ 80 ಕಿ.ಮೀ. ದೂರವನ್ನು ಮೂರೂವರೆ ಗಂಟೆಯಲ್ಲಿ ಮುಗಿಸುತ್ತೇನೆ. ಈಗ ಜಲ್ಲಿ, ಮಣ್ಣಿನ ಹಾದಿಗೆಂದೇ ಮಾಡಿದ ಗ್ರಾವೆಲ್ ಬೈಕ್ ಕೊಂಡಿದ್ದೇನೆ. ಅಷ್ಟೇ ದೂರದ ಒಂದು ಸುತ್ತು ಹಾದಿ ಗುರುತು ಹಾಕಿಕೊಂಡಿದ್ದೇನೆ: ಮೊದಲು 35 ಕಿ.ಮೀ. ನದಿ ಕಣಿವೆ, ಆಮೇಲೆ 20 ಕಿ.ಮೀ. ಕಾಡು, ಕೊನೆಗೆ 25 ಕಿ.ಮೀ. ಏರಿಳಿತದ ಗುಡ್ಡಗಳು. ಒಟ್ಟು ಏರು 1,400 ಮೀಟರ್ ಎನ್ನುತ್ತಿದೆ ಆ್ಯಪ್. ಅದರಲ್ಲಿ 400 ಮೀಟರ್ ಕಣಿವೆಯಲ್ಲೇ ಇದೆಯಂತೆ! ಎಷ್ಟು ಹೊತ್ತು ಬೇಕಾದೀತು?

ಏಳು ಗಂಟೆ ಇಟ್ಟುಕೊಳ್ಳಿ. ಆರಕ್ಕೇ ಮುಗಿದರೆ ಸಂತೋಷ.

ಆ್ಯಪ್‌ನ ಲೆಕ್ಕ ಎಲ್ಲ ಕಡೆ ಒಂದೇ ಥರ ತಪ್ಪುವುದಿಲ್ಲ. ಕಣಿವೆಯಲ್ಲಿ ಅದು ಏರನ್ನು ಹೆಚ್ಚಿಸಿ ಹೇಳುತ್ತದೆ. ಗುಡ್ಡಗಳಲ್ಲಿ ಹೇಳುವ ಸಂಖ್ಯೆ ಹೆಚ್ಚುಕಡಿಮೆ ನಿಜ, ಆದರೆ ಆ ಸಂಖ್ಯೆ ನೋಡಿ ಆಯಾಸವನ್ನು ಅಂದಾಜು ಮಾಡಲಾಗದು.

ಮೊದಲು ಕಣಿವೆ ನೋಡೋಣ. ಬಹಳಷ್ಟು ಆ್ಯಪ್‌ಗಳು ಎತ್ತರವನ್ನು ಭೂಮೇಲ್ಮೈಯ ಡಿಜಿಟಲ್ ನಕ್ಷೆಗಳಿಂದ ತೆಗೆದುಕೊಳ್ಳುತ್ತವೆ. 2000ನೇ ಇಸವಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಹಾಯಿಸಿ ತಯಾರಿಸಿದ ನಕ್ಷೆ ಇವುಗಳಲ್ಲಿ ಹೆಸರಾದದ್ದು. ಅದರಲ್ಲಿ ನೆಲವನ್ನು ಸುಮಾರು 30 ಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕಕ್ಕೆ ಒಂದೊಂದು ಎತ್ತರ ಬರೆದಿರುತ್ತಾರೆ. ನದಿ ದಂಡೆಯ ಹಾದಿಯ ಅಗಲ ಎರಡೋ ಮೂರೋ ಮೀಟರ್. ಪಕ್ಕದಲ್ಲೇ ಕಡಿದಾದ ಗುಡ್ಡ. ನೀವು ಎಳೆದ ಗೆರೆ ಹತ್ತು ಮೀಟರ್ ಆಚೆ ಸರಿದರೂ ಸಾಕು, ಆ್ಯಪ್ ನಿಮ್ಮನ್ನು ಗುಡ್ಡದ ಮೈಮೇಲೆ ಹತ್ತಿಸಿ ಮುಂದಿನ ಬಿಂದುವಿನಲ್ಲಿ ನದಿಗೆ ಇಳಿಸಿಬಿಡುತ್ತದೆ. ಹೀಗೆ ಹತ್ತಿಳಿದದ್ದನ್ನೆಲ್ಲ ಕೂಡಿದರೆ ಇಲ್ಲದ ಬೆಟ್ಟವೊಂದು ಎದ್ದು ನಿಲ್ಲುತ್ತದೆ. ದಟ್ಟ ಕಾಡಿನಲ್ಲಿ ರಾಡಾರ್ ಅಲೆಗಳು ನೆಲ ಮುಟ್ಟುವ ಮೊದಲೇ ಮರಗಳ ಮೇಲ್ಭಾಗಕ್ಕೆ ಬಡಿದು ಮರಳುವುದರಿಂದ ಅಲ್ಲೂ ಲೆಕ್ಕ ಏರುಪೇರಾಗುತ್ತದೆ. ನಿಮ್ಮ ಕಣಿವೆಯ 400 ಮೀಟರ್‌ನಲ್ಲಿ ದೊಡ್ಡ ಪಾಲು ಇಂಥದ್ದೇ ಇರಬೇಕು.

ಹಾಗಂತ ಪೂರ್ತಿ ಸುಳ್ಳೂ ಅಲ್ಲ. ಸಮೋನ್ನತಿ ರೇಖೆಗಳಿರುವ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ನಕ್ಷೆಯಲ್ಲಿ ನದಿಯ ಪಕ್ಕದ ಗೆರೆಗಳು ಅಲ್ಲಲ್ಲಿ ಚೂಪಾಗಿ ಒಳಕ್ಕೆ ಮಡಚಿಕೊಂಡಿರುತ್ತವೆ. ಮಡಿಕೆಯ ತುದಿ ನೀರು ಹರಿದು ಬರುವ ಕಡೆಗೆ ಮುಖ ಮಾಡಿರುತ್ತದೆ. ಅಂಥ ಒಂದೊಂದು ಮಡಿಕೆಯೂ ಒಂದೊಂದು ಉಪಹಳ್ಳ. ಸೇತುವೆ ಇಲ್ಲದಿದ್ದರೆ ಹಳ್ಳಕ್ಕಿಳಿದು ಮತ್ತೆ ಹತ್ತಬೇಕು. ಹಳೆಯ ರೈಲು ಮಾರ್ಗವನ್ನು ಸೈಕಲ್ ಹಾದಿ ಮಾಡಿದ್ದರೆ ಆ ಕಾಟವಿಲ್ಲ. ರೈಲಿಗೆ ಕಡಿದಾದ ಏರು ಆಗದು, ಹಾಗಾಗಿ ಆ ಕಾಲದ ಎಂಜಿನಿಯರುಗಳೇ ಹಳ್ಳಗಳಿಗೆ ಸೇತುವೆ ಕಟ್ಟಿ, ಗುಡ್ಡ ಕಡಿದು ಹೋಗಿದ್ದಾರೆ. ಅಮೆರಿಕದ ಗ್ರೇಟ್ ಅಲೆಘೆನಿ ಪ್ಯಾಸೇಜ್ ಎಂಬ ಅಂಥದೇ ಹಾದಿ ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್‌ವರೆಗೆ ಸುಮಾರು 240 ಕಿ.ಮೀ. ನದಿಗಳ ಜೊತೆಜೊತೆಗೇ ಸಾಗಿ, ಸುಮಾರು 730 ಮೀಟರ್ ಎತ್ತರದ ಜಲವಿಭಾಜಕವನ್ನೇ (ಮಳೆನೀರು ಎರಡು ಕಡೆಗೆ ಹಂಚಿಹೋಗುವ ಏಣು) ದಾಟುತ್ತದೆ. ಆದರೂ ಏರು ಶೇ 2ರ ಆಸುಪಾಸನ್ನು ಮೀರುವುದಿಲ್ಲ.

ಇನ್ನು ನಿಮ್ಮ ಕೊನೆಯ 25 ಕಿ.ಮೀ. ಗುಡ್ಡಗಳು. ಅರ್ಧ ಏರು, ಅರ್ಧ ಇಳಿಜಾರು ಎಂದುಕೊಳ್ಳಿ. ಏರಿನಲ್ಲಿ ಗಂಟೆಗೆ 8, ಇಳಿಜಾರಿನಲ್ಲಿ 30 ಕಿ.ಮೀ. ಹೋದರೆ ಸರಾಸರಿ 19 ಎಂದು ಮನಸ್ಸು ಹೇಳುತ್ತದೆ. ಅದು ತಪ್ಪು. ಏರಿಗೇ ಒಂದೂವರೆ ಗಂಟೆಗಿಂತ ಹೆಚ್ಚು ಹಿಡಿದು, ಇಳಿಯಲು 25 ನಿಮಿಷ ಸಾಕಾಗುವುದರಿಂದ ಸರಾಸರಿ ಹದಿಮೂರನ್ನೂ ಮುಟ್ಟುವುದಿಲ್ಲ. ಜಲ್ಲಿ ಮೇಲೆ ಇಳಿಯುವುದೂ ವಿಶ್ರಾಂತಿಯಲ್ಲ. ಬ್ರೇಕ್ ಮೇಲೆ ಎರಡೆರಡು ಬೆರಳು, ಪೆಡಲ್ ಮೇಲೆ ನಿಂತ ಕಾಲು, ಮುಂದಿನ ಕಲ್ಲು ಹುಡುಕುವ ಕಣ್ಣು. ಒಂದೇ ಉದ್ದನೆಯ ಏರಾದರೆ ಉಸಿರು ಒಂದು ಲಯಕ್ಕೆ ಬಂದು ನಿಲ್ಲುತ್ತದೆ. ಗುಡ್ಡದ ಹಿಂದೆ ಗುಡ್ಡ ಬರುವಲ್ಲಿ ಲಯ ಸಿಗುವ ಹೊತ್ತಿಗೆ ಏರೇ ಮುಗಿದಿರುತ್ತದೆ. ಎಂಟನೇ ದಿಬ್ಬದ ಬುಡದಲ್ಲಿ ನಿಂತಾಗ ಅರ್ಥವಾಗುತ್ತದೆ.

ನನ್ನದೊಂದು ಸಲಹೆ: ಸುತ್ತು ಹಾದಿ ತಾನೇ, ತಿರುಗಿಸಿಬಿಡಿ. ಕಾಲಲ್ಲಿ ಕಸುವಿರುವಾಗಲೇ ಗುಡ್ಡ ಮುಗಿಸಿ, ನಡುವೆ ಕಾಡು, ಕೊನೆಗೆ ಕಣಿವೆ. ಕಣಿವೆಯಲ್ಲಿ ನೀರು ಹರಿಯುವ ದಿಕ್ಕಿಗೇ ಸಾಗುವಂತಿದ್ದರೆ ಇನ್ನೂ ಒಳ್ಳೆಯದು. ದಿಕ್ಕು ಉಲ್ಟಾ ಆದರೂ ತಲೆ ಕೆಡಿಸಿಕೊಳ್ಳಬೇಡಿ, ದೊಡ್ಡ ನದಿಯ ಕೆಳಪಾತ್ರದಲ್ಲಿ ಆ ಇಳಿಜಾರು ಕಾಲಿಗೆ ಗೊತ್ತೇ ಆಗುವುದಿಲ್ಲ. ಎದುರುಗಾಳಿ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ನಕ್ಷೆಯಲ್ಲಿ ಗೆರೆ ಇದ್ದರೂ ಸ್ಥಳಕ್ಕೆ ಹೋದರೆ ಹಾದಿಯೇ ಇರುವುದಿಲ್ಲ. ಮೊದಲೇ ಪತ್ತೆ ಹಚ್ಚುವುದು ಹೇಗೆ?

ಜನರೇ ಸೇರಿ ತಯಾರಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಯಲ್ಲಿ ಕಾಡು, ಹೊಲಗಳ ಬಂಡಿದಾರಿಗಳಿಗೆ ಒಂದರಿಂದ ಐದರವರೆಗೆ ದರ್ಜೆ ಕೊಡುವ ಪದ್ಧತಿ ಇದೆ. ಒಂದು ಎಂದರೆ ಗಟ್ಟಿ ನೆಲ, ಐದು ಎಂದರೆ ಮೆತ್ತನೆ ಮಣ್ಣು, ಹುಲ್ಲು. ಎರಡು, ಮೂರು ಗ್ರಾವೆಲ್ ಬೈಕಿಗೆ ಹೇಳಿ ಮಾಡಿಸಿದ ದರ್ಜೆಗಳು. ನಾಲ್ಕು ಒಣಗಿದ್ದರೆ ಅಡ್ಡಿಯಿಲ್ಲ. ಐದರಲ್ಲಿ ಮಳೆ ಬಿದ್ದ ಮರುದಿನ ಹೋದರೆ ಸೈಕಲ್ ನಿಮ್ಮ ಹೆಗಲ ಮೇಲೆ.

ಈ ದರ್ಜೆ ಹಾಕುವವರು ಸ್ವಯಂಸೇವಕರು. ಎಷ್ಟೋ ಕಡೆ ಹಾಕಿಯೇ ಇರುವುದಿಲ್ಲ. ಹಾಗಾಗಿ ಉಪಗ್ರಹ ಚಿತ್ರವನ್ನೂ ತೆರೆದು ನೋಡಿ. ಎರಡು ಸಮಾನಾಂತರ ಗೆರೆಗಳು, ನಡುವೆ ಹಸಿರು ಪಟ್ಟಿ ಕಂಡರೆ ಬಂಡಿಯೋ ಟ್ರ್ಯಾಕ್ಟರೋ ಓಡಾಡುತ್ತಿದೆ ಎಂದರ್ಥ. ಗೆರೆ ಮರಗಳಡಿ ಹೊಕ್ಕು ಮತ್ತೆ ಹೊರಗೆ ಕಾಣಿಸದಿದ್ದರೆ ಅನುಮಾನಪಡಿ. ಎಲ್ಲಕ್ಕಿಂತ ಮುಖ್ಯವಾಗಿ ನದಿ ದಾಟುವ ಜಾಗವನ್ನು ಪೂರ್ತಿ ಹಿಗ್ಗಿಸಿ ನೋಡಿ. ನಾನೊಮ್ಮೆ ಇದನ್ನೇ ಮರೆತೆ. ನಕ್ಷೆಯಲ್ಲಿ ಗೆರೆ ಒಂದು ದಡದಿಂದ ಇನ್ನೊಂದು ದಡಕ್ಕೆ ನೀಟಾಗಿ ಹಾದಿತ್ತು. ಅಲ್ಲಿ ಹೋಗಿ ನೋಡಿದರೆ ಎರಡು ಕಲ್ಲುಕಂಬಗಳು, ನಡುವೆ ಆಕಾಶ. ಆ ದಿನ 22 ಕಿ.ಮೀ. ವಾಪಸ್ ತುಳಿದೆ.

ಗೇಟು ಕಂಡಲ್ಲಿ ನಿಲ್ಲಿ. ನಕ್ಷೆಯಲ್ಲಿ ದಾರಿ ಇದೆ ಎಂದಮಾತ್ರಕ್ಕೆ ಓಡಾಡಲು ಅನುಮತಿ ಇದೆ ಎಂದಲ್ಲ, ಕಾಡಿನಲ್ಲಂತೂ ಖಂಡಿತ ಅಲ್ಲ.

ಪ್ರಶ್ನೆ: ಬೈಕಿನ ಜೊತೆ 40 ಮಿ.ಮೀ. ಟೈರ್ ಬಂದಿದೆ. 45ಕ್ಕೆ ಬದಲಾಯಿಸಲೇ? ಗಾಳಿ ಎಷ್ಟಿರಬೇಕು?

ಫ್ರೇಮ್ ಮತ್ತು ಮುಂದಿನ ಚಕ್ರ ಹಿಡಿದಿರುವ ಫೋರ್ಕ್‌ನಲ್ಲಿ ಜಾಗವಿದ್ದರೆ ಬದಲಾಯಿಸಿ. ಎರಡೂ ಬದಿ ಐದಾರು ಮಿ.ಮೀ. ಖಾಲಿ ಉಳಿಯಲೇಬೇಕು, ಇಲ್ಲವಾದರೆ ಮೆತ್ತಿದ ಕೆಸರೇ ಚಕ್ರ ನಿಲ್ಲಿಸುತ್ತದೆ. ಐದು ಮಿ.ಮೀ.ನಲ್ಲಿ ಏನು ಮಹಾ ಎನ್ನಬೇಡಿ. ಒಳಗೆ ಹಿಡಿಯುವ ಗಾಳಿ ಕಾಲು ಭಾಗಕ್ಕೂ ಹೆಚ್ಚು ಹಿಗ್ಗುತ್ತದೆ. ಅದರಿಂದಾಗಿ ಒತ್ತಡ ಇಳಿಸಬಹುದು, ಟೈರ್ ಕಲ್ಲಿನ ಮೇಲೆ ಪುಟಿಯುವ ಬದಲು ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ.

ನಿಮ್ಮ ತೂಕ 75 ಕೆ.ಜಿ. ಆಸುಪಾಸು ಇದ್ದು, ಟೈರ್ ಟ್ಯೂಬ್‌ಲೆಸ್ ಆಗಿದ್ದರೆ ಮುಂದೆ 28, ಹಿಂದೆ 31 ಪಿಎಸ್‌ಐನಿಂದ (ಪಂಪಿನ ಮೀಟರ್ ತೋರಿಸುವ ಗಾಳಿಯ ಒತ್ತಡದ ಅಳತೆ) ಶುರುಮಾಡಿ. ಏರಿನಲ್ಲಿ ಹಿಂದಿನ ಚಕ್ರ ಜಾರುತ್ತಿದ್ದರೆ ಎರಡು ಪಿಎಸ್‌ಐ ಇಳಿಸಿ. ಕಲ್ಲಿಗೆ ಬಡಿದಾಗ ರಿಮ್ ‘ಟಣ್’ ಎಂದರೆ ಎರಡು ಏರಿಸಿ. ಟೈರ್ ಬದಿಯಲ್ಲಿ ಬರೆದಿರುವುದು ಮಿತಿ ಮಾತ್ರ, ಅಷ್ಟೇ ತುಂಬಿಸಿ ಎಂಬ ಆದೇಶವಲ್ಲ.

ಟೈರಿನೊಳಗೆ ತೂತು ಮುಚ್ಚುವ ದ್ರವ, ಅಂದರೆ ಸೀಲೆಂಟ್ ಇದೆಯೆಂದು ನಿಶ್ಚಿಂತರಾಗಬೇಡಿ. ಮುಳ್ಳಿನ ತೂತನ್ನು ಅದು ಮುಚ್ಚುತ್ತದೆ. ಚೂಪುಕಲ್ಲು ಟೈರಿನ ಪಕ್ಕೆಯನ್ನೇ ಸೀಳಿದರೆ ಬಿಳಿ ದ್ರವ ಕಾಲಿಗೆಲ್ಲ ಚಿಮ್ಮಿ ಖಾಲಿಯಾಗುತ್ತದೆ, ಅಷ್ಟೇ. ಅಮೆರಿಕದ ಕಾನ್ಸಾಸ್ ರಾಜ್ಯದ ಫ್ಲಿಂಟ್ ಹಿಲ್ಸ್‌ನಲ್ಲಿ 2006ರಿಂದ ನಡೆಯುತ್ತಿರುವ 200 ಮೈಲಿಯ ಗ್ರಾವೆಲ್ ರೇಸ್ ಟೈರ್ ಸೀಳುವುದಕ್ಕೇ ಹೆಸರುವಾಸಿ. ಅಲ್ಲಿನ ಗುಡ್ಡಗಳ ಹೆಸರಿನಲ್ಲೇ ಚಕಮಕಿ ಕಲ್ಲಿದೆ! ಹಳೆಯ ಟೈರಿನಿಂದ ಎರಡು ಬೆರಳಗಲದ ತುಂಡು ಕತ್ತರಿಸಿ ಚೀಲದಲ್ಲಿಟ್ಟುಕೊಳ್ಳಿ. ಸೀಳಿದ ಜಾಗಕ್ಕೆ ಒಳಗಿನಿಂದ ಅದನ್ನು ಇಟ್ಟು, ಟ್ಯೂಬ್ ಹಾಕಿ ಗಾಳಿ ತುಂಬಿದರೆ ಮನೆ ಮುಟ್ಟಬಹುದು.

ಪ್ರಶ್ನೆ: ಕಾಡಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಜಿಪಿಎಸ್ ಕೆಲಸ ಮಾಡುತ್ತದೆಯೇ?

ಮಾಡುತ್ತದೆ. ಜಿಪಿಎಸ್‌ಗೆ ಉಪಗ್ರಹ ಸಾಕು, ಮೊಬೈಲ್ ಟವರ್ ಬೇಡ. ಕೈಕೊಡುವುದು ನಕ್ಷೆ. ಖಾಲಿ ಪರದೆಯ ಮೇಲೆ ನೀಲಿ ಚುಕ್ಕೆ ಮಾತ್ರ ಕಂಡರೆ ಏನು ಮಾಡುತ್ತೀರಿ? ಹೊರಡುವ ಮುಂಚೆಯೇ ನಕ್ಷೆ ಡೌನ್‌ಲೋಡ್ ಮಾಡಿ, ಹೋಗುವ ದಾರಿ, ಮರಳುವ ಹೊತ್ತು ಎರಡನ್ನೂ ಮನೆಯಲ್ಲಿ ಹೇಳಿ ಹೊರಡಿ. ಫೋನನ್ನು ಹ್ಯಾಂಡಲ್‌ಗೆ ಕಟ್ಟುವುದು ನನಗೆ ಇಷ್ಟವಿಲ್ಲ. ಬ್ಯಾಟರಿ ಬೇಗ ಮುಗಿಯುತ್ತದೆ, ಬಿದ್ದರೆ ಮೊದಲು ಒಡೆಯುವುದೂ ಅದೇ. ಜೇಬಿನಲ್ಲಿರಲಿ, ಕವಲು ಬಂದಾಗ ತೆಗೆದು ನೋಡಿ.