ಅಪ್ಪನ ಲಾರಿ ಮತ್ತೆ ಓಡುತ್ತಾ?

ಪ್ರಶ್ನೆ: ಅಪ್ಪ ಬ್ಯಾಡಗಿ ಮೆಣಸಿನಕಾಯಿ ಹೇರುತ್ತಿದ್ದ 1967ರ ಟಾಟಾ ಮರ್ಸಿಡಿಸ್ ಬೆಂಜ್ ಲಾರಿ 15 ವರ್ಷದಿಂದ ಹೊಲದ ಬೇವಿನ ಮರದ ಕೆಳಗೆ ನಿಂತಿದೆ. ಎಂಜಿನ್ ತಿರುಗುತ್ತಿಲ್ಲ. ಗುಜರಿಗೆ ಹಾಕಲು ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಗದಗ

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ 1954ರಿಂದ 1969ರವರೆಗೆ ಮಾಡಿದ ಲಾರಿಗಳಲ್ಲಿ ಇದೂ ಒಂದು. ಮುಂದಿನ ಜಾಲರಿ ಮೇಲೆ ಮೂರು ಮೊನೆಯ ನಕ್ಷತ್ರ ಇನ್ನೂ ಇದ್ದರೆ ಜೋಪಾನ ಮಾಡಿ.

ಬೇರೆ ಗಾಡಿಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡಲು ಮಾತ್ರ ಹೋಗಬೇಡಿ. ಪಿಸ್ಟನ್ (ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡುವ ಭಾಗ) ಸುತ್ತಲಿನ ರಿಂಗುಗಳು ತುಕ್ಕಿನಿಂದ ಸಿಲಿಂಡರಿಗೆ ಅಂಟಿರುತ್ತವೆ, ಜಗ್ಗಿದರೆ ಮುರಿಯುತ್ತವೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಬಿಚ್ಚಿ, ಆ ತೂತಿನಿಂದ ಪ್ರತಿ ಸಿಲಿಂಡರಿಗೂ ಡೀಸೆಲ್ ಬೆರೆಸಿದ ಎಂಜಿನ್ ಆಯಿಲ್ ಸ್ವಲ್ಪ ಹಾಕಿ ಒಂದು ವಾರ ಸುಮ್ನೆ ಬಿಡಿ. ಆಮೇಲೆ ಗೇರ್ ನ್ಯೂಟ್ರಲ್ ಮಾಡಿ, ಎಂಜಿನ್ನಿನ ಮುಖ್ಯ ತಿರುಗು ದಂಡವಾದ ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಉದ್ದ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಹುಬ್ಬಳ್ಳಿಯಲ್ಲಿ ನಾವು ಒಂದು ಹಳೇ ಲಾರಿಗೆ ಹೀಗೇ ಮಾಡಿದಾಗ ಎಂಟು ದಿನ ಏನೂ ಆಗಲಿಲ್ಲ, ಒಂಬತ್ತನೇ ದಿನ ಟಕ್ ಅಂತ ಸದ್ದು ಬಂದು ಕ್ರ್ಯಾಂಕಿನ ತುದಿಯ ಪುಲ್ಲಿ (ಬೆಲ್ಟ್ ಓಡುವ ಗಾಲಿ) ಬೆರಳಗಲ ಸರಿಯಿತು. ಆ ಖುಷಿ ಇನ್ನೂ ಮರೆತಿಲ್ಲ.

ಎಂಜಿನ್ ಬಿಟ್ಟುಕೊಂಡ ಮೇಲೆ ಆಯಿಲ್ ಬದಲಿಸಿ, ಡೀಸೆಲ್ ಟ್ಯಾಂಕ್ ಇಳಿಸಿ ತೊಳೆಯಿರಿ. ಬ್ರೇಕಿನ ರಬ್ಬರೆಲ್ಲ ಹೊಸದು ಹಾಕುವ ತನಕ ಗಾಡಿ ಹೊಲ ದಾಟಬಾರದು.