ಕಾವಲುಗಾರನ ಕೈಗೆ ಒನಕೆ ಎಲ್ಲಿಂದ ಬಂತು?

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಬಾರಿ ರೋಲ್‌ಪ್ಲೇಯಿಂಗ್ ಗೇಮ್‌ಗಳ ಬಗ್ಗೆ ಬಂದ ಮೂರು ಪತ್ರಗಳನ್ನು ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನಾವು ಐದು ಜನ ಗೆಳೆಯರು ಪ್ರತಿ ಭಾನುವಾರ ಮಧ್ಯಾಹ್ನ ಕೂಡಿ ಆಡುತ್ತೇವೆ. ಕಥೆ ನಡೆಸುವ ಗೇಮ್ ಮಾಸ್ಟರ್ ನಾನು. ಉಳಿದ ನಾಲ್ವರೂ ಒಂದೊಂದು ಪಾತ್ರ ವಹಿಸುತ್ತಾರೆ. ಡ್ರ್ಯಾಗನ್‌ಗಳು ಸಾಕಾಗಿ, ಈ ಸಲ ನಮ್ಮ ಕೋಟೆಯನ್ನೇ ಕಥೆಗೆ ತಂದೆ. ಹೈದರ್ ಅಲಿಯ ಸೈನ್ಯ ಕೆಳಗೆ ಬೀಡುಬಿಟ್ಟಿದೆ. ಆಟಗಾರರೆಲ್ಲ ಮದಕರಿ ನಾಯಕರ ಕಾವಲುಗಾರರು. ಮೊದಲ ರಾತ್ರಿಯ ಪಾಳಿ ಶುರುವಾದ ಕೂಡಲೇ ಒಬ್ಬ, "ನಾನು ಒನಕೆ ಹಿಡಿದು ಕಿಂಡಿಯ ಪಕ್ಕ ನಿಲ್ಲುತ್ತೇನೆ" ಎಂದುಬಿಟ್ಟ. ಅವನ ಪಾತ್ರ ಕೋಟೆಗೆ ಬಂದು ಎರಡು ದಿನವಾಗಿದೆಯಷ್ಟೆ. ನಾನು ಒಪ್ಪಲಿಲ್ಲ. "ಚಿತ್ರದುರ್ಗದಲ್ಲಿ ಹುಟ್ಟಿದ್ದು ನನ್ನ ತಪ್ಪಾ?" ಎಂದು ಮುನಿಸಿಕೊಂಡು ಎದ್ದುಹೋದ. ಯಾರದು ಸರಿ?
- ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಅವರ ಮುನಿಸಿನಲ್ಲಿ ಅರ್ಧ ನ್ಯಾಯವಿದೆ. ಓಬವ್ವನ ಕಥೆ ಕೇಳದೆ ಬೆಳೆದವರು ನಿಮ್ಮ ಊರಿನಲ್ಲಿ ಸಿಗಲಾರರು. ಅಲ್ಲಿನ ಕ್ರೀಡಾಂಗಣಕ್ಕೂ ಆಕೆಯದೇ ಹೆಸರು. ಅಂಥ ಊರಿನ ನಾಲ್ವರನ್ನು ಎದುರಿಗೆ ಕೂರಿಸಿಕೊಂಡು, ಕಿಂಡಿಯನ್ನೇ ಗುಟ್ಟಾಗಿಟ್ಟು ಕಥೆ ಹೆಣೆದಿರಾದರೆ ಲೆಕ್ಕ ತಪ್ಪಿದ್ದು ನಿಮ್ಮದು.

ಆದರೆ ಆ ಒಂದು ಮಾತಿನಲ್ಲಿ ನನ್ನನ್ನು ತಡೆದದ್ದು ಕಿಂಡಿಗಿಂತ ಹೆಚ್ಚಾಗಿ ಒನಕೆ. ಸೊಂಟದಲ್ಲಿ ಕತ್ತಿ, ಕೈಯಲ್ಲಿ ಭರ್ಜಿ ಇರುವ ಕಾವಲುಗಾರನೊಬ್ಬ ಭತ್ತ ಕುಟ್ಟುವ ಒನಕೆಯನ್ನು ಹುಡುಕಿಕೊಂಡು ಏಕೆ ಹೋಗುತ್ತಾನೆ? ಓಬವ್ವ ಅದನ್ನು ಹಿಡಿದದ್ದು, ಗಂಡ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ ನೀರಿಗೆಂದು ಹೋದವಳಿಗೆ ಕಿಂಡಿಯಲ್ಲಿ ಶತ್ರುಗಳು ನುಸುಳುತ್ತಿರುವುದು ತಿಳಿದು, ಆ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದು ಅದೇ ಆದ್ದರಿಂದ. ನಿಮ್ಮ ಕಾವಲುಗಾರನ ಕೈಗೆ ಒನಕೆ ಬಂದಿರುವುದು ಆಟಗಾರನ ಶಾಲೆಯ ಪಾಠದಿಂದ. ಅಷ್ಟೇ ಅಲ್ಲ, ಬಂಡೆಗಳೇ ತುಂಬಿದ ಆ ಗುಡ್ಡದಲ್ಲಿ ಅಂಥ ಸಂದುಗಳು ಎಷ್ಟೋ ಇವೆ. ಅವುಗಳಲ್ಲಿ ಒಂದಕ್ಕೆ ಓಬವ್ವನ ಹೆಸರು ಬಂದದ್ದು ಆ ಘಟನೆ ನಡೆದ ಮೇಲೆ.

ಹಾಗೆಂದು "ನಿನ್ನ ಪಾತ್ರಕ್ಕೆ ಅದು ಗೊತ್ತಿಲ್ಲ" ಎಂದು ಬಾಗಿಲು ಹಾಕಿಬಿಡುವುದನ್ನು ನಾನು ಒಪ್ಪುವುದಿಲ್ಲ. "ನಿನ್ನ ಪಾತ್ರಕ್ಕೆ ಇದು ಗೊತ್ತಾದದ್ದು ಹೇಗೆ?" ಎಂದು, ಪಾಟೀಸವಾಲಿನ ಧ್ವನಿಯಲ್ಲಲ್ಲದೆ ನಿಜವಾದ ಕುತೂಹಲದಿಂದ ಕೇಳಿ ನೋಡಿ. ಕೋಟೆಯ ಬಾಗಿಲು ತೆರೆಯುವ ಮೊದಲೇ ಮಜ್ಜಿಗೆ ಮಾರುವ ಹೆಂಗಸೊಬ್ಬಳು ಒಳಗಿದ್ದಳೆಂದೂ, ಅವಳ ಮೊಣಕೈ ಬಂಡೆಗೆ ತರಚಿ ಸೆರಗಿಗೆ ಪಾಚಿ ಮೆತ್ತಿತ್ತೆಂದೂ ಅವರು ಹೇಳಿದರೆ, ನಿಮಗೆ ಪುಕ್ಕಟೆಯಾಗಿ ಒಂದು ಹೊಸ ದೃಶ್ಯ ಸಿಕ್ಕಿತು. ಅವಳನ್ನು ಹಿಂಬಾಲಿಸಬೇಕಾದರೆ ಪಾಳಿ ಬಿಡಬೇಕು. ಪಾಳಿ ಬಿಟ್ಟದ್ದು ಗೊತ್ತಾದರೆ ಶಿಕ್ಷೆ. ಹೋಗಿ ದೂರು ಕೊಟ್ಟರೆ, ಮೊನ್ನೆ ಮೊನ್ನೆ ಬಂದವನ ಮಾತನ್ನು ನಂಬುವವರಾರು? ಆಟಗಾರನಿಗೆ ಉತ್ತರವಾಗಿದ್ದ ಕಿಂಡಿ ಪಾತ್ರಕ್ಕೆ ತಲೆನೋವಾಗಿ ಕೂತಿತು. ಯಾವ ದಾರಿಯೂ ಹೊಳೆಯದಿದ್ದರೆ ಅವರೇ ನಕ್ಕು ಒನಕೆಯನ್ನು ಕೆಳಗಿಡುತ್ತಾರೆ.

ಆಟಗಾರನಿಗೆ ಮಾತ್ರ ಗೊತ್ತಿರುವುದನ್ನು ಪಾತ್ರದ ಕೈಯಲ್ಲಿ ಬಳಸುವುದಕ್ಕೆ ಮೆಟಾಗೇಮಿಂಗ್ ಎನ್ನುತ್ತಾರೆ. ಈ ಜಗಳ ಹಳೆಯದು. 1974ರಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮುಂದಿನ ರೂಪದಲ್ಲಿ ಆಟಗಾರರ ಕೈಪಿಡಿಯನ್ನು 1978ರಲ್ಲೂ ಕಥೆ ನಡೆಸುವವರ ಕೈಪಿಡಿಯನ್ನು 1979ರಲ್ಲೂ ಬೇರೆಬೇರೆಯಾಗಿ ತಂದ ಗ್ಯಾರಿ ಗೈಗ್ಯಾಕ್ಸ್, ಎರಡನೆಯದನ್ನು ಆಟಗಾರರು ಮುಟ್ಟಕೂಡದೆಂದು ಬಯಸಿದ್ದರು. (ಮುಟ್ಟಬೇಡ ಎಂದ ಮೇಲೆ ಮುಟ್ಟದೆ ಬಿಡುವವರುಂಟೇ?) ಅಲ್ಲಿನ ಹೆಸರಾಂತ ಉದಾಹರಣೆ ಟ್ರೋಲ್ ಎಂಬ ರಾಕ್ಷಸನದು. 2014ರಲ್ಲಿ ಬಂದ ಐದನೇ ಆವೃತ್ತಿಯ ನಿಯಮದಂತೆ ಅವನು ತನ್ನ ಸರದಿ ಬಂದಾಗಲೆಲ್ಲ ಕಳೆದುಕೊಂಡ ಪ್ರಾಣಾಂಕಗಳಲ್ಲಿ 10ನ್ನು ಮರಳಿ ಪಡೆಯುತ್ತಾನೆ. ಬೆಂಕಿ ಅಥವಾ ಆಮ್ಲ ತಗುಲಿದರೆ ಮಾತ್ರ ಮುಂದಿನ ಸರದಿಗೆ ಅದು ನಿಲ್ಲುತ್ತದೆ. ಇದನ್ನು ಬಲ್ಲ ಆಟಗಾರ ಪ್ರಾಮಾಣಿಕನೆನಿಸಿಕೊಳ್ಳಲು, ಎಡಗೈಯಲ್ಲಿ ದೀವಟಿಗೆ ಉರಿಯುತ್ತಿದ್ದರೂ ಬೇಕೆಂದೇ ಕತ್ತಿಯನ್ನಷ್ಟೇ ಬೀಸುತ್ತಿರುತ್ತಾನೆ. ನನ್ನ ಮಟ್ಟಿಗೆ ಇದೂ ಅದೇ ದೋಷ. ಏನೂ ಗೊತ್ತಿಲ್ಲದ ಮನುಷ್ಯ ಗಾಬರಿಯಲ್ಲಿ ದೀವಟಿಗೆಯನ್ನೇ ಮುಖಕ್ಕೆ ತಿವಿದಾನು. ಅದನ್ನು ತಪ್ಪಿಸುತ್ತಿರುವುದು ಆಟಗಾರನ ಜ್ಞಾನವೇ. ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಎಸೆದು, ಪಾತ್ರ ಇಂಥದ್ದನ್ನು ಎಲ್ಲಾದರೂ ಕೇಳಿತ್ತೇ ಎಂದು ತೀರ್ಮಾನಿಸಿ, ಮುಂದೆ ಹೋಗಿ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಒಬ್ಬರ ಪಾತ್ರ ಒಂಟಿಯಾಗಿ ಎಲ್ಲಿಗಾದರೂ ಹೋದರೆ ಗೇಮ್ ಮಾಸ್ಟರ್ ಉಳಿದವರನ್ನೆಲ್ಲ ಕೋಣೆಯಿಂದ ಆಚೆ ಕಳಿಸುತ್ತಾರೆ. ನಾವು ಜಗುಲಿಯಲ್ಲಿ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಅರ್ಧ ಗಂಟೆ ಕಳೆಯುತ್ತೇವೆ. ಕಳಿಸದಿದ್ದರೆ, ಗೆಳತಿಯ ಪಾತ್ರ ಸೆರೆಯಾದದ್ದನ್ನು ಕೇಳಿಸಿಕೊಂಡ ನನ್ನ ಪಾತ್ರಕ್ಕೂ ಅತ್ತಲೇ ಹೋಗಬೇಕೆನಿಸುತ್ತದೆ ಎಂಬುದೂ ನಿಜ. ಬೇರೆ ದಾರಿ ಇದೆಯೇ?
- ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ದಾವಣಗೆರೆಯ ಮಂಡಕ್ಕಿ, ಮಿರ್ಚಿಗೆ ಅರ್ಧ ಗಂಟೆ ಕೊಡುವುದು ನಷ್ಟವೇನಲ್ಲ, ಆದರೂ ಹೊರಗೆ ಕಳಿಸುವುದರಿಂದ ನೀವು ಒಳ್ಳೆಯ ದೃಶ್ಯವೊಂದನ್ನು ಕಳೆದುಕೊಳ್ಳುತ್ತಿದ್ದೀರಿ. ಬಯಲಾಟದಲ್ಲಿ ಕರ್ಣಾರ್ಜುನರ ಕಾಳಗವನ್ನು ನೋಡಿದ್ದೀರಾದರೆ ನೆನಪಿಸಿಕೊಳ್ಳಿ. ಎದುರಿಗಿರುವವನು ಸ್ವಂತ ಅಣ್ಣನೆಂಬುದು ಅರ್ಜುನನ ವೇಷ ಕಟ್ಟಿದವನಿಗೆ ಗೊತ್ತು, ಮುಂದೆ ಕುಳಿತ ಜನರಿಗೆಲ್ಲ ಗೊತ್ತು, ಅರ್ಜುನನಿಗೆ ಮಾತ್ರ ಗೊತ್ತಿಲ್ಲ; ನೋಡುವವರ ಹೊಟ್ಟೆಯಲ್ಲಿ ಸಂಕಟವಾಗುವುದು ಗೊತ್ತಿರುವುದರಿಂದಲೇ. ವೇಷಧಾರಿಗೆ ಇರುವ ಒಂದು ಅನುಕೂಲ ನಿಮಗಿಲ್ಲ, ಒಪ್ಪುತ್ತೇನೆ: ಅವನ ಪ್ರಸಂಗದ ಕೊನೆ ಮೊದಲೇ ನಿಶ್ಚಯವಾಗಿದೆ, ನಿಮ್ಮದು ಆಗಿಲ್ಲ, ಆದ್ದರಿಂದಲೇ ಕಾಲು ಅತ್ತ ಎಳೆಯುತ್ತದೆ.

ಅದಕ್ಕೊಂದು ಉಪಾಯವಿದೆ. ಗೆಳತಿಯ ಪಾತ್ರ ಒಂಟಿಯಾಗಿ ಹೊರಡುವ ಮುನ್ನ, ಆ ಹೊತ್ತಿನಲ್ಲಿ ನಿಮ್ಮ ಪಾತ್ರ ಏನು ಮಾಡುತ್ತಿರುತ್ತದೆ, ಅವಳು ಎಷ್ಟು ತಡಮಾಡಿದರೆ ಹುಡುಕಲು ಹೊರಡುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. "ಎರಡು ಗಂಟೆ ಕಾಯುತ್ತೇನೆ" ಎಂದು ಬರೆದಿದ್ದರೆ, ಒಳಗೆ ಏನೇ ಕೇಳಿಸಲಿ, ಎರಡು ಗಂಟೆ ಕಾಯಲೇಬೇಕು. ಆ ಕಾಯುವಿಕೆಯೇ ಎಷ್ಟು ರುಚಿಯಾಗಿರುತ್ತದೆಂದು ಒಮ್ಮೆ ಆಡಿ ನೋಡಿದರೆ ತಿಳಿದೀತು. ಗುಂಪಿನಲ್ಲೊಬ್ಬ ಶತ್ರುವಿನ ಗೂಢಚಾರನಾಗಿರುವ ಕಥೆಯಲ್ಲಿ ಮಾತ್ರ ಗುಟ್ಟನ್ನು ಉಳಿಸಿ. ಅಲ್ಲೂ ಚೀಟಿ ಸಾಕು, ಜಗುಲಿ ಬೇಡ.

ಪ್ರಶ್ನೆ: ಗುಪ್ತ ಬಾಗಿಲು ಹುಡುಕಲು ದಾಳ ಎಸೆದು 3 ಬಿದ್ದರೆ ಸಾಕು, ಉಳಿದ ಮೂವರೂ "ನಾನೂ ಹುಡುಕುತ್ತೇನೆ" ಎನ್ನುತ್ತಾರೆ. 18 ಬಿದ್ದರೆ ಯಾರೂ ಏಳುವುದಿಲ್ಲ. ಏನು ಮಾಡಲಿ?
- ಓದುಗರು, ಹೊಳಲ್ಕೆರೆ

ಉತ್ತರ: ದೊಡ್ಡ ಅಂಕಿ ಬಿದ್ದರೆ ಹುಡುಕಾಟ ಚೆನ್ನಾಗಿ ನಡೆಯಿತೆಂದೂ ಸಣ್ಣದು ಬಿದ್ದರೆ ಕೆಟ್ಟಿತೆಂದೂ ಅರ್ಥ. ಆ ಅಂಕಿ ಆಟಗಾರನಿಗೆ ಕಾಣುತ್ತದೆ, ಪಾತ್ರಕ್ಕೆ ಕಾಣುವುದಿಲ್ಲ, ಗಂಟು ಇರುವುದು ಅಲ್ಲಿಯೇ. ಪಾತ್‌ಫೈಂಡರ್ ಎಂಬ ಇಂಥದೇ ಆಟದ, 2019ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಇಂಥ ದಾಳಗಳನ್ನು ಗೇಮ್ ಮಾಸ್ಟರೇ ಮರೆಯಲ್ಲಿ ಎಸೆಯುವ ಕ್ರಮವಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯಲ್ಲಾದರೆ, ದಾಳವನ್ನೇ ಎಸೆಯದೆ 10ಕ್ಕೆ ಪಾತ್ರದ ಗಮನಶಕ್ತಿಯ ಅಂಕವನ್ನು ಕೂಡಿಸಿ ನೋಡಬಹುದು. ಎರಡೂ ಸರಿಯೇ, ಆದರೆ ತನ್ನ ದಾಳವನ್ನು ತಾನೇ ಎಸೆಯುವ ಖುಷಿಯನ್ನು ಕಿತ್ತುಕೊಂಡಂತಾಗುತ್ತದೆ. ನಾನಾದರೆ ಎಲ್ಲರಿಗೂ ಹುಡುಕಲು ಬಿಟ್ಟು, ಒಬ್ಬೊಬ್ಬರ ಹುಡುಕಾಟಕ್ಕೂ ಕಾಲು ಗಂಟೆ ಹಿಡಿಯುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಆ ಆವೃತ್ತಿಯ ನಿಯಮದಂತೆ ದೀವಟಿಗೆ ಉರಿಯುವುದು ಒಂದೇ ಗಂಟೆ. ನಾಲ್ಕನೆಯವನು ಹುಡುಕಿ ಮುಗಿಸುವ ಹೊತ್ತಿಗೆ ಕತ್ತಲಾಗಿರುತ್ತದೆ.